ಕುದುರೆಗಳ ವೈರಸ್‌ಜನ್ಯ ಮಿದುಳುರಿಯೂತ

ಕುದುರೆಗಳ ವೈರಸ್‌ಜನ್ಯ ಮಿದುಳುರಿಯೂತ ಎಂಬುದು ಕುದುರೆ, ಕತ್ತೆ ಮತ್ತು ಹೇಸರಗತ್ತೆಗಳ ಮಿದುಳನ್ನೂ ಬೆನ್ನುಹುರಿಯನ್ನೂ ಬಾಧಿಸುವ ಹಲವು ವೈರಸ್ ರೋಗಗಳಿಗೆ ಸಾಮಾನ್ಯವಾಗಿ ಬಳಸುವ ಹೆಸರು. ಇವುಗಳಲ್ಲಿ ಮುಖ್ಯವಾದ ಐದು ರೋಗಗಳು ಸೊಳ್ಳೆಗಳ ಮೂಲಕ ಹರಡುತ್ತವೆ. ಪೂರ್ವದ ಕುದುರೆ ಮಿದುಳುರಿಯೂತ, ಪಶ್ಚಿಮದ ಕುದುರೆ ಮಿದುಳುರಿಯೂತ, ವೆನೆಜುವೆಲಾದ ಕುದುರೆ ಮಿದುಳುರಿಯೂತ, ವೆಸ್ಟ್ ನೈಲ್ ಜ್ವರ ಮತ್ತು ಜಪಾನೀ ಮಿದುಳುರಿಯೂತ ಎಂಬುವು ಆ ಐದು ರೋಗಗಳು. ಇವೆಲ್ಲವೂ ಮನುಷ್ಯರಿಗೂ ತಗಲಬಲ್ಲವು. ಆದ್ದರಿಂದ ಇವುಗಳ ನಿಯಂತ್ರಣವು ಪಶುವೈದ್ಯಕೀಯದ ವಿಷಯವಾಗಿರುವಂತೆಯೇ ಸಾರ್ವಜನಿಕ ಆರೋಗ್ಯದ ವಿಷಯವೂ ಆಗಿದೆ. ಈ ಐದೂ ರೋಗಗಳು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯು ವರದಿ ಮಾಡಬೇಕೆಂದು ಸೂಚಿಸಿರುವ ರೋಗಗಳ ಪಟ್ಟಿಯಲ್ಲಿವೆ.

ರೋಗಲಕ್ಷಣಗಳು ಒಂದನ್ನೊಂದು ಬಹುಮಟ್ಟಿಗೆ ಹೋಲುತ್ತವೆಯಾದರೂ ಹರಡುವ ಬಗೆಯಲ್ಲಿ ಈ ರೋಗಗಳ ನಡುವೆ ಮಹತ್ವದ ವ್ಯತ್ಯಾಸವಿದೆ. ಹೆಚ್ಚಿನವುಗಳಲ್ಲಿ ಕಾಯಿಲೆ ಬಿದ್ದ ಕುದುರೆಯಿಂದ ಬೇರೆ ಪ್ರಾಣಿಗಳಿಗಾಗಲಿ ಮನುಷ್ಯರಿಗಾಗಲಿ ಸೋಂಕು ಮುಂದುವರಿಯುವುದಿಲ್ಲ. ವೆನೆಜುವೆಲಾದ ರೋಗದಲ್ಲಿ ಮಾತ್ರ ಕುದುರೆಯೇ ಸಾಂಕ್ರಾಮಿಕದ ಮುಖ್ಯ ಮೂಲವಾಗುತ್ತದೆ. ಯಾವ ರೋಗಕ್ಕೆ ಯಾವ ಬಗೆಯ ನಿಯಂತ್ರಣ ಫಲಕಾರಿ ಎಂಬುದನ್ನು ಈ ವ್ಯತ್ಯಾಸವೇ ನಿರ್ಧರಿಸುತ್ತದೆ.

ರೋಗಕಾರಕ ವೈರಸ್‌ಗಳು

ಪೂರ್ವದ, ಪಶ್ಚಿಮದ ಮತ್ತು ವೆನೆಜುವೆಲಾದ ರೋಗಗಳಿಗೆ ಕಾರಣವಾದ ವೈರಸ್‌ಗಳು ಟೋಗಾವಿರಿಡೆ ಕುಟುಂಬದ ಆಲ್ಫಾವೈರಸ್ ಕುಲಕ್ಕೆ ಸೇರಿವೆ. ಚಿಕುನ್‌ಗುನ್ಯಾ ವೈರಸ್ ಕೂಡ ಇದೇ ಕುಲದ್ದು. ವೆಸ್ಟ್ ನೈಲ್ ಮತ್ತು ಜಪಾನೀ ಮಿದುಳುರಿಯೂತದ ವೈರಸ್‌ಗಳು ಫ್ಲೇವಿವಿರಿಡೆ ಕುಟುಂಬಕ್ಕೆ ಸೇರಿದ್ದು, ಡೆಂಗಿ, ಹಳದಿ ಜ್ವರ ಮತ್ತು ಮಂಗನ ಕಾಯಿಲೆಯ ವೈರಸ್‌ಗಳಿಗೆ ಹತ್ತಿರದವು. ಈ ಐದರಲ್ಲಿಯೂ ಆನುವಂಶಿಕ ವಸ್ತುವು ಒಂಟಿ ಎಳೆಯ ಆರ್‌ಎನ್‌ಎ ರೂಪದಲ್ಲಿದೆ.

ಪಶ್ಚಿಮದ ರೋಗದ ವೈರಸ್ಸಿನ ಹುಟ್ಟು ಕುತೂಹಲಕರವಾದುದು. ಅದರ ಆನುವಂಶಿಕ ರಚನೆಯನ್ನು ಪರಿಶೀಲಿಸಿದಾಗ, ಬಹಳ ಹಿಂದೆ ಪೂರ್ವದ ರೋಗದ ವೈರಸ್ಸಿನಂತಹ ಒಂದು ಪೂರ್ವಜವೂ ಸಿಂಡ್‌ಬಿಸ್ ವೈರಸ್ಸಿನಂತಹ ಇನ್ನೊಂದು ಪೂರ್ವಜವೂ ಬೆರೆತು ಅದು ರೂಪುಗೊಂಡಿತೆಂಬುದು 1988ರಲ್ಲಿ ತಿಳಿದುಬಂದಿತು.

ಪೂರ್ವದ, ಪಶ್ಚಿಮದ ಮತ್ತು ವೆನೆಜುವೆಲಾದ ರೋಗಗಳು ಉತ್ತರ ಮತ್ತು ದಕ್ಷಿಣ ಅಮೆರಿಕ ಖಂಡಗಳಿಗೆ ಸೀಮಿತವಾಗಿವೆ. ವೆಸ್ಟ್ ನೈಲ್ ವೈರಸ್ ಆಫ್ರಿಕ, ಯೂರೋಪ್, ಏಷ್ಯಾ, ಆಸ್ಟ್ರೇಲಿಯ ಮತ್ತು ಅಮೆರಿಕ ಖಂಡಗಳಲ್ಲಿದೆ. ಜಪಾನೀ ಮಿದುಳುರಿಯೂತವು ದಕ್ಷಿಣ, ಆಗ್ನೇಯ ಮತ್ತು ಪೂರ್ವ ಏಷ್ಯಾದ ರೋಗವಾಗಿದ್ದು, 2022ರಲ್ಲಿ ಆಸ್ಟ್ರೇಲಿಯದ ಆಗ್ನೇಯ ಭಾಗದ ಹಂದಿ ಸಾಕಣೆ ಕೇಂದ್ರಗಳಲ್ಲಿಯೂ ಕಾಣಿಸಿಕೊಂಡಿತು.

ಇತಿಹಾಸ

1831ರ ಬೇಸಿಗೆಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 75 ಕುದುರೆಗಳು ಮಿದುಳಿನ ಕಾಯಿಲೆಯಿಂದ ಸತ್ತವು. ಇಂದು ಅದನ್ನು ಪೂರ್ವದ ಕುದುರೆ ಮಿದುಳುರಿಯೂತದ ಮೊದಲ ದಾಖಲೆಯೆಂದು ಪರಿಗಣಿಸಲಾಗಿದೆ. ಆ ಕಾಲದಲ್ಲಿ ವೈರಸ್ ಎಂಬ ಕಲ್ಪನೆಯೇ ಇರಲಿಲ್ಲ. ಮುಂದಿನ ನೂರು ವರ್ಷಗಳಲ್ಲಿ ಇಂತಹ ಸಾವುಗಳಿಗೆ ಹಾಳಾದ ಮೇವು, ವಿಷದ ಗಿಡ, ಬಿಸಿಲಿನ ಝಳ ಮುಂತಾದ ಬೇರೆ ಬೇರೆ ಕಾರಣಗಳನ್ನು ಊಹಿಸಲಾಗುತ್ತಿತ್ತು.

1930ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ವಾಕೀನ್ ಕಣಿವೆಯಲ್ಲಿ ಸಾವಿರಾರು ಕುದುರೆಗಳು ಮತ್ತು ಹೇಸರಗತ್ತೆಗಳು ಕಾಯಿಲೆ ಬಿದ್ದವು. ಪಶುವೈದ್ಯ ವಿಜ್ಞಾನಿ ಕಾರ್ಲ್ ಫ್ರೆಡ್ರಿಕ್ ಮೇಯರ್ ಮತ್ತು ಸಂಗಡಿಗರು ಸತ್ತ ಕುದುರೆಯ ಮಿದುಳಿನಿಂದ ವೈರಸ್ಸನ್ನು ಬೇರ್ಪಡಿಸಿ 1931ರಲ್ಲಿ ಪ್ರಕಟಿಸಿದರು. ಇದು ಪಶ್ಚಿಮದ ರೋಗದ ವೈರಸ್. 1933ರಲ್ಲಿ ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ರಾಜ್ಯಗಳಲ್ಲಿ ಇಂತಹುದೇ ಕಾಯಿಲೆ ಕಾಣಿಸಿಕೊಂಡಾಗ, ಅಲ್ಲಿ ದೊರೆತ ವೈರಸ್ ಕ್ಯಾಲಿಫೋರ್ನಿಯದ ವೈರಸ್ಸಿಗಿಂತ ಭಿನ್ನವಾದುದೆಂದು ತಿಳಿಯಿತು. ಹೀಗೆ ಪೂರ್ವ ಮತ್ತು ಪಶ್ಚಿಮ ಎಂಬ ಹೆಸರುಗಳು ಬಂದವು.

1933ರಲ್ಲಿಯೇ ಅಮೆರಿಕದ ಸೇನೆಯ ಪಶುವೈದ್ಯ ರೇಮಂಡ್ ಕೆಲ್ಸರ್ ಅವರು ಪಶ್ಚಿಮದ ವೈರಸ್ಸನ್ನು ಸೊಳ್ಳೆಗಳು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸಾಗಿಸಬಲ್ಲವೆಂದು ಪ್ರಯೋಗಗಳಿಂದ ತೋರಿಸಿದರು. 1938ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಕುದುರೆಗಳ ನಡುವೆ ರೋಗ ಹರಡಿದ್ದಾಗಲೇ ಮಕ್ಕಳಲ್ಲಿಯೂ ಮಿದುಳುರಿಯೂತ ಕಾಣಿಸಿಕೊಂಡು, ಅವರ ಮಿದುಳಿನಲ್ಲಿ ಪೂರ್ವದ ವೈರಸ್ ಪತ್ತೆಯಾಯಿತು. ಅದೇ ವರ್ಷ ಕ್ಯಾಲಿಫೋರ್ನಿಯದಲ್ಲಿ ಬೀಟ್ರಿಸ್ ಹೋವಿಟ್ ಅವರು ಮಗುವೊಂದರ ಮಿದುಳಿನಲ್ಲಿ ಪಶ್ಚಿಮದ ವೈರಸ್ಸನ್ನು ಕಂಡುಹಿಡಿದರು. ಕುದುರೆಗಳ ಕಾಯಿಲೆಯೆಂದು ತಿಳಿದಿದ್ದದ್ದು ಮನುಷ್ಯರ ಕಾಯಿಲೆಯೂ ಹೌದು ಎಂಬುದು ಇದರಿಂದ ಸ್ಥಿರಪಟ್ಟಿತು. ವೆನೆಜುವೆಲಾದಲ್ಲಿ ಸತ್ತ ಕುದುರೆಗಳ ಮಿದುಳಿನಿಂದ ಮೂರನೆಯ ವೈರಸ್ಸನ್ನು ಬೇರ್ಪಡಿಸಿದ್ದೂ 1938ರಲ್ಲಿಯೇ.

ಜಪಾನೀ ಮಿದುಳುರಿಯೂತದ ವೈರಸ್ಸನ್ನು 1935ರಲ್ಲಿ ಜಪಾನಿನಲ್ಲಿ ರೋಗಿಯೊಬ್ಬರ ಮಿದುಳಿನಿಂದ, ವೆಸ್ಟ್ ನೈಲ್ ವೈರಸ್ಸನ್ನು 1937ರಲ್ಲಿ ಉಗಾಂಡದ ವೆಸ್ಟ್ ನೈಲ್ ಪ್ರಾಂತ್ಯದ ಮಹಿಳೆಯೊಬ್ಬರ ರಕ್ತದಿಂದ ಬೇರ್ಪಡಿಸಲಾಯಿತು.

ಹರಡುವ ಬಗೆ

ಸ್ವಾಭಾವಿಕ ಚಕ್ರ

ಈ ವೈರಸ್‌ಗಳು ಪ್ರಕೃತಿಯಲ್ಲಿ ಸೊಳ್ಳೆ ಮತ್ತು ಕಾಡುಪ್ರಾಣಿ ಅಥವಾ ಹಕ್ಕಿಗಳ ನಡುವೆ ನಿರಂತರವಾಗಿ ಸುತ್ತುತ್ತಿರುತ್ತವೆ. ಸೋಂಕಿತ ಹಕ್ಕಿಯ ರಕ್ತ ಹೀರಿದ ಸೊಳ್ಳೆಯ ದೇಹದಲ್ಲಿ ವೈರಸ್ ವೃದ್ಧಿಯಾಗಿ ಕೆಲವು ದಿನಗಳ ಅನಂತರ ಅದರ ಜೊಲ್ಲುಗ್ರಂಥಿಯನ್ನು ತಲುಪುತ್ತದೆ. ಆ ಬಳಿಕ ಸೊಳ್ಳೆ ಕಚ್ಚಿದ ಪ್ರತಿ ಪ್ರಾಣಿಗೂ ಸೋಂಕು ತಗಲುವ ಸಾಧ್ಯತೆಯಿದೆ.

ಪೂರ್ವದ ರೋಗದ ವೈರಸ್ ಉತ್ತರ ಅಮೆರಿಕದಲ್ಲಿ ಸಿಹಿನೀರಿನ ಜೌಗು ಕಾಡುಗಳಲ್ಲಿ ಕ್ಯುಲಿಸೆಟಾ ಮೆಲನ್ಯೂರ ಎಂಬ ಸೊಳ್ಳೆ ಮತ್ತು ಸಣ್ಣ ಹಾಡುಹಕ್ಕಿಗಳ ನಡುವೆ ಉಳಿದುಕೊಂಡಿರುತ್ತದೆ. ಈ ಸೊಳ್ಳೆ ಹೆಚ್ಚಾಗಿ ಹಕ್ಕಿಗಳನ್ನೇ ಕಚ್ಚುವುದರಿಂದ ರೋಗವು ಸಾಮಾನ್ಯವಾಗಿ ಜೌಗಿನೊಳಗೇ ಇರುತ್ತದೆ. ಹಕ್ಕಿಗಳನ್ನೂ ಸಸ್ತನಿಗಳನ್ನೂ ಕಚ್ಚುವ ಬೇರೆ ಜಾತಿಯ ಸೊಳ್ಳೆಗಳು ವೈರಸ್ಸನ್ನು ಹೊರಗೆ ಸಾಗಿಸಿದಾಗ ಕುದುರೆಗಳಿಗೂ ಮನುಷ್ಯರಿಗೂ ಕಾಯಿಲೆ ಬರುತ್ತದೆ. ಇಂತಹ ಸೊಳ್ಳೆಗಳನ್ನು ಸೇತುವಾಹಕಗಳೆಂದು ಕರೆಯಲಾಗುತ್ತದೆ. ಪಶ್ಚಿಮದ ರೋಗದಲ್ಲಿ ಕ್ಯೂಲೆಕ್ಸ್ ಟಾರ್ಸಾಲಿಸ್ ಎಂಬ ಒಂದೇ ಸೊಳ್ಳೆ ಎರಡೂ ಕೆಲಸ ಮಾಡುತ್ತದೆ. ನೀರಾವರಿ ಹೊಲಗಳಲ್ಲಿ ಅದು ಯಥೇಚ್ಛವಾಗಿ ಬೆಳೆಯುವುದರಿಂದ ಈ ರೋಗವು ಕೃಷಿ ಪ್ರದೇಶಗಳೊಂದಿಗೆ ನಂಟು ಹೊಂದಿದೆ.

ಜಪಾನೀ ಮಿದುಳುರಿಯೂತದಲ್ಲಿ ಬೆಳ್ಳಕ್ಕಿ, ಬಕ ಮುಂತಾದ ನೀರುಹಕ್ಕಿಗಳು ವೈರಸ್ಸಿನ ಸ್ವಾಭಾವಿಕ ನೆಲೆ. ಹಂದಿಗಳ ರಕ್ತದಲ್ಲಿ ಅದು ಬಹಳವಾಗಿ ವೃದ್ಧಿಯಾಗುತ್ತದೆ. ಭತ್ತದ ಗದ್ದೆಗಳಲ್ಲಿ ಬೆಳೆಯುವ ಕ್ಯೂಲೆಕ್ಸ್ ಟ್ರೈಟೀನಿಯೊರಿಂಕಸ್ ಸೊಳ್ಳೆ ಇದರ ಮುಖ್ಯ ವಾಹಕ.

ಕುದುರೆಯ ಪಾತ್ರ

ಸೊಳ್ಳೆಯೊಂದು ಸೋಂಕಿತ ಪ್ರಾಣಿಯನ್ನು ಕಚ್ಚಿ ತಾನೂ ಸೋಂಕು ಪಡೆಯಬೇಕಾದರೆ ಆ ಪ್ರಾಣಿಯ ರಕ್ತದಲ್ಲಿ ಸಾಕಷ್ಟು ವೈರಸ್ ಇರಬೇಕು. ಪಶ್ಚಿಮದ ರೋಗ, ವೆಸ್ಟ್ ನೈಲ್ ಮತ್ತು ಜಪಾನೀ ಮಿದುಳುರಿಯೂತಗಳಲ್ಲಿ ಕುದುರೆಯ ರಕ್ತದಲ್ಲಿ ವೈರಸ್ ಅಲ್ಪಕಾಲ ಮಾತ್ರ, ಅದೂ ಕಡಿಮೆ ಪ್ರಮಾಣದಲ್ಲಿರುತ್ತದೆ. ಪೂರ್ವದ ರೋಗದಲ್ಲಿಯೂ ಸಾಮಾನ್ಯವಾಗಿ ಸ್ಥಿತಿ ಇದೇ. ಆದ್ದರಿಂದ ಈ ರೋಗಗಳಲ್ಲಿ ಕುದುರೆಯನ್ನು ಕೊನೆಯ ಆತಿಥೇಯ ಎನ್ನುತ್ತಾರೆ. ಸೋಂಕಿನ ಸರಪಳಿ ಕುದುರೆಯಲ್ಲಿಗೆ ಮುಗಿಯುತ್ತದೆ. ಕಾಯಿಲೆಯ ಕುದುರೆಯ ಪಕ್ಕದಲ್ಲಿ ನಿಂತಿರುವ ಮಾತ್ರಕ್ಕೆ ಇನ್ನೊಂದು ಕುದುರೆಗೆ ರೋಗ ಬರುವುದಿಲ್ಲ. ಒಂದೇ ಲಾಯದಲ್ಲಿ ಹಲವು ಕುದುರೆಗಳು ಕಾಯಿಲೆ ಬಿದ್ದರೆ ಅದಕ್ಕೆ ಕಾರಣ ಅವೆಲ್ಲವನ್ನೂ ಅದೇ ಪ್ರದೇಶದ ಸೊಳ್ಳೆಗಳು ಕಚ್ಚಿರುವುದು.

ವೆನೆಜುವೆಲಾದ ರೋಗದಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿಯಿದೆ. ಈ ವೈರಸ್ಸಿನ ಕೆಲವು ಉಪಬಗೆಗಳು ಕಾಡಿನ ಇಲಿಜಾತಿಯ ಪ್ರಾಣಿಗಳು ಮತ್ತು ಸೊಳ್ಳೆಗಳ ನಡುವೆ ಸದಾ ಇರುತ್ತವೆ. ಇವು ಕುದುರೆಗಳಿಗೆ ಹೆಚ್ಚು ತೊಂದರೆ ಕೊಡುವುದು ಅಪರೂಪ. ಆದರೆ ಸಾಂಕ್ರಾಮಿಕ ಉಪಬಗೆಗಳು ತಲೆದೋರಿದಾಗ ಕುದುರೆಯ ರಕ್ತದಲ್ಲಿ ವೈರಸ್ ಅಪಾರವಾಗಿ ವೃದ್ಧಿಯಾಗುತ್ತದೆ. ಆಗ ಹಲವು ಜಾತಿಯ ಸೊಳ್ಳೆಗಳು ಕುದುರೆಯಿಂದ ಸೋಂಕು ಪಡೆದು ಬೇರೆ ಕುದುರೆಗಳಿಗೂ ಮನುಷ್ಯರಿಗೂ ಹರಡುತ್ತವೆ. ಇಲ್ಲಿ ಕುದುರೆ ವರ್ಧಕ ಆತಿಥೇಯವಾಗುತ್ತದೆ. ಕುದುರೆಗಳ ಸಾಗಣೆಯ ಜೊತೆಗೆ ರೋಗವೂ ಊರಿಂದೂರಿಗೆ ಸಾಗುತ್ತದೆ.

ರೋಗಲಕ್ಷಣಗಳು

ಸೋಂಕು ತಗಲಿದ ಮೇಲೆ ಲಕ್ಷಣಗಳು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಕೆಲವು ದಿನಗಳಿಂದ ಎರಡು ವಾರ ಹಿಡಿಯುತ್ತದೆ. ವೆನೆಜುವೆಲಾದ ರೋಗದಲ್ಲಿ ಈ ಅವಧಿ ಇನ್ನೂ ಕಡಿಮೆ. ಸೋಂಕಿತ ಕುದುರೆಗಳಲ್ಲಿ ಕೆಲವು ಯಾವ ಲಕ್ಷಣವನ್ನೂ ತೋರದೆ ಉಳಿಯುತ್ತವೆ. ವೆಸ್ಟ್ ನೈಲ್ ಮತ್ತು ಜಪಾನೀ ಮಿದುಳುರಿಯೂತಗಳಲ್ಲಿ ಇಂತಹವುಗಳೇ ಹೆಚ್ಚು.

ಮೊದಲ ಹಂತದಲ್ಲಿ ಜ್ವರ ಬರುತ್ತದೆ, ಮೇವು ಸೇರುವುದಿಲ್ಲ, ಕುದುರೆ ಮಂಕಾಗುತ್ತದೆ. ವೈರಸ್ ಮಿದುಳನ್ನು ತಲುಪಿದ ಮೇಲೆ ಕಾಣಿಸುವ ಲಕ್ಷಣಗಳು ಇವು:

* ತಲೆ ಜೋತುಬೀಳುವುದು, ಕಿವಿ ಮತ್ತು ಕೆಳತುಟಿ ಇಳಿಬೀಳುವುದು
* ನಡಿಗೆಯಲ್ಲಿ ತೂರಾಟ, ಕಾಲುಗಳನ್ನು ಅಗಲಿಸಿ ನಿಲ್ಲುವುದು
* ಗೋಡೆಗೆ ಅಥವಾ ಕಂಬಕ್ಕೆ ತಲೆಯೊತ್ತಿ ನಿಲ್ಲುವುದು, ಗುರಿಯಿಲ್ಲದೆ ಸುತ್ತುವುದು
* ಮುಖ ಮತ್ತು ಕುತ್ತಿಗೆಯ ಸ್ನಾಯುಗಳ ಅದುರುವಿಕೆ (ವೆಸ್ಟ್ ನೈಲ್ ರೋಗದಲ್ಲಿ ಇದು ವಿಶೇಷವಾಗಿ ಕಾಣುತ್ತದೆ)
* ದೃಷ್ಟಿ ಮಂದವಾಗುವುದು, ನುಂಗಲು ಆಗದಿರುವುದು
* ಸೆಳೆತ, ಪಾರ್ಶ್ವವಾಯು, ಕೊನೆಗೆ ನೆಲಕ್ಕೆ ಬಿದ್ದು ಏಳಲಾಗದ ಸ್ಥಿತಿ

ಪೂರ್ವದ ರೋಗ ಇವುಗಳಲ್ಲಿ ಅತ್ಯಂತ ಮಾರಕ. ಮಿದುಳಿನ ಲಕ್ಷಣಗಳು ಕಾಣಿಸಿಕೊಂಡ ಕುದುರೆಗಳಲ್ಲಿ ಶೇ. 75ರಿಂದ 90ರಷ್ಟು ಸಾಯುತ್ತವೆ. ಅನೇಕ ವೇಳೆ ಎರಡು ಮೂರು ದಿನಗಳೊಳಗೇ ಸಾವು ಸಂಭವಿಸುತ್ತದೆ. ವೆಸ್ಟ್ ನೈಲ್ ರೋಗದಲ್ಲಿ ಸುಮಾರು ಮೂರರಲ್ಲಿ ಒಂದು ಕುದುರೆ ಸಾಯುತ್ತದೆ. ಪಶ್ಚಿಮದ ರೋಗದಲ್ಲಿ ಸಾವಿನ ಪ್ರಮಾಣ ಸಾಮಾನ್ಯವಾಗಿ ಶೇ. 20ರಿಂದ 50ರ ನಡುವೆ ಇರುತ್ತದೆ. ವೆನೆಜುವೆಲಾದ ರೋಗದಲ್ಲಿ ವೈರಸ್ಸಿನ ಉಪಬಗೆಗೆ ಅನುಗುಣವಾಗಿ ಈ ಪ್ರಮಾಣ ಬಹಳ ವ್ಯತ್ಯಾಸವಾಗುತ್ತದೆ. ಬದುಕುಳಿದ ಕುದುರೆಗಳಲ್ಲಿ ನಡಿಗೆಯ ದೋಷ, ಮಂಕು, ಕಲಿತದ್ದನ್ನು ಮರೆಯುವುದು ಮುಂತಾದ ಶಾಶ್ವತ ಊನಗಳು ಉಳಿಯಬಹುದು.

ಮನುಷ್ಯರಲ್ಲಿ ಪೂರ್ವದ ರೋಗ ಅಪರೂಪವಾದರೂ ಮಿದುಳುರಿಯೂತಕ್ಕೆ ತಿರುಗಿದವರಲ್ಲಿ ಸುಮಾರು ಶೇ. 30ರಷ್ಟು ಮಂದಿ ಸಾಯುತ್ತಾರೆ. ವೆಸ್ಟ್ ನೈಲ್ ಸೋಂಕು ತಗಲಿದ ಹತ್ತರಲ್ಲಿ ಎಂಟು ಮಂದಿಗೆ ಯಾವ ಲಕ್ಷಣವೂ ಇರುವುದಿಲ್ಲ. ಸುಮಾರು 150 ಮಂದಿಯಲ್ಲಿ ಒಬ್ಬರಿಗೆ ನರಮಂಡಲದ ತೀವ್ರ ಕಾಯಿಲೆ ಬರುತ್ತದೆ.

ರೋಗನಿರ್ಣಯ

ಲಕ್ಷಣಗಳನ್ನು ನೋಡಿ ಮಾತ್ರ ಯಾವ ವೈರಸ್ ಎಂದು ಹೇಳಲಾಗದು. ರೇಬೀಸ್, ಕುದುರೆ ಹರ್ಪಿಸ್ ವೈರಸ್ ಸೋಂಕು, ಧನುರ್ವಾಯು, ಬೊಟುಲಿಸಮ್, ಯಕೃತ್ತಿನ ವೈಫಲ್ಯ ಹಾಗೂ ಬೂಷ್ಟು ಹಿಡಿದ ಜೋಳದ ಮೇವಿನಿಂದಾಗುವ ಮಿದುಳಿನ ಹಾನಿ ಇವೆಲ್ಲವೂ ಹೀಗೆಯೇ ಕಾಣಿಸಬಹುದು. ರೇಬೀಸ್ ಇರಬಹುದೆಂಬ ಸಂಶಯ ದೂರವಾಗುವವರೆಗೆ ಇಂತಹ ಕುದುರೆಯನ್ನು ಕೈಗವಸು ಧರಿಸಿಯೇ ಮುಟ್ಟಬೇಕು. ಅದರ ಬಾಯೊಳಗೆ ಬರಿಗೈ ಹಾಕಬಾರದು.

ರಕ್ತದಲ್ಲಿ ಅಥವಾ ಮಿದುಳು-ಬೆನ್ನುಹುರಿ ದ್ರವದಲ್ಲಿ ಐಜಿಎಂ ವರ್ಗದ ಪ್ರತಿಕಾಯಗಳನ್ನು ಎಲೈಸಾ ವಿಧಾನದಿಂದ ಪತ್ತೆಹಚ್ಚುವುದು ಸಾಮಾನ್ಯ ಕ್ರಮ. ಈ ಪ್ರತಿಕಾಯಗಳು ಇತ್ತೀಚಿನ ಸೋಂಕನ್ನು ಸೂಚಿಸುತ್ತವೆ. ವೆಸ್ಟ್ ನೈಲ್ ಮತ್ತು ಜಪಾನೀ ಮಿದುಳುರಿಯೂತದ ವೈರಸ್‌ಗಳು ಪರಸ್ಪರ ಹೋಲುವುದರಿಂದ ಒಂದರ ಪ್ರತಿಕಾಯ ಇನ್ನೊಂದರ ಪರೀಕ್ಷೆಯಲ್ಲಿಯೂ ಪ್ರತಿಕ್ರಿಯಿಸಬಹುದು. ಆಗ ವೈರಸ್ಸನ್ನು ನಿಷ್ಕ್ರಿಯಗೊಳಿಸುವ ಸಾಮರ್ಥ್ಯವನ್ನು ಅಳೆಯುವ ಪರೀಕ್ಷೆ ಅಗತ್ಯ. ಸತ್ತ ಕುದುರೆಯಲ್ಲಿ ಮಿದುಳಿನ ಅಂಗಾಂಶವನ್ನು ಪಿಸಿಆರ್ ಪರೀಕ್ಷೆಗೂ ಸೂಕ್ಷ್ಮದರ್ಶಕದ ಪರಿಶೀಲನೆಗೂ ಒಳಪಡಿಸುತ್ತಾರೆ. ಕುದುರೆಗೆ ಹಿಂದೆ ಲಸಿಕೆ ಹಾಕಿಸಿದ್ದರೆ ಆ ದಿನಾಂಕವನ್ನು ಪ್ರಯೋಗಾಲಯಕ್ಕೆ ತಿಳಿಸುವುದು ಮುಖ್ಯ. ಇಲ್ಲವಾದರೆ ಲಸಿಕೆಯ ಪ್ರತಿಕಾಯವನ್ನು ಸೋಂಕಿನದೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯಿದೆ.

ಚಿಕಿತ್ಸೆ

ಈ ವೈರಸ್‌ಗಳನ್ನು ನೇರವಾಗಿ ನಾಶಪಡಿಸುವ ಔಷಧಿಯಿಲ್ಲ. ಉರಿಯೂತವನ್ನು ತಗ್ಗಿಸುವ ಔಷಧಿ, ಸೆಳೆತ ನಿಲ್ಲಿಸುವ ಔಷಧಿ, ರಕ್ತನಾಳದ ಮೂಲಕ ದ್ರವಾಹಾರ ಮತ್ತು ಗಾಯವಾಗದಂತಹ ಮೆತ್ತನೆಯ ಹಾಸು ಇವು ಚಿಕಿತ್ಸೆಯ ಅಂಗಗಳು. ಏಳಲಾಗದ ಕುದುರೆಯನ್ನು ಪಟ್ಟಿಗಳ ಆಸರೆಯಿಂದ ನಿಲ್ಲಿಸಲಾಗುತ್ತದೆ. ಬಹಳ ಹೊತ್ತು ಮಲಗಿಯೇ ಇದ್ದರೆ ಅದರ ದೇಹದ ಭಾರವೇ ಸ್ನಾಯುಗಳಿಗೂ ಶ್ವಾಸಕೋಶಕ್ಕೂ ಹಾನಿ ಮಾಡುತ್ತದೆ. ಚಿಕಿತ್ಸೆಯ ಮಿತಿ ಹೀಗಿರುವುದರಿಂದ ತಡೆಗಟ್ಟುವಿಕೆಗೆ ಹೆಚ್ಚಿನ ಮಹತ್ವವಿದೆ.

ನಿಯಂತ್ರಣ ಮತ್ತು ತಡೆಗಟ್ಟುವಿಕೆ

ಲಸಿಕೆ

ಮೊದಲ ಲಸಿಕೆಗಳನ್ನು ಸೋಂಕಿತ ಕುದುರೆಗಳ ಮಿದುಳಿನ ಅಂಗಾಂಶಕ್ಕೆ ಫಾರ್ಮಲಿನ್ ಸೇರಿಸಿ ತಯಾರಿಸಲಾಗುತ್ತಿತ್ತು. 1938ರಲ್ಲಿ ಜೋಸೆಫ್ ಬಿಯರ್ಡ್ ಮತ್ತು ಸಂಗಡಿಗರು ಕೋಳಿಮೊಟ್ಟೆಯ ಭ್ರೂಣದಲ್ಲಿ ವೈರಸ್ ಬೆಳೆಸಿ ನಿಷ್ಕ್ರಿಯಗೊಳಿಸಿದ ಲಸಿಕೆಯನ್ನು ರೂಪಿಸಿದರು. ಇದು ಹೆಚ್ಚು ಪರಿಣಾಮಕಾರಿಯಾಗಿತ್ತು. ಇಂದು ಪೂರ್ವದ ಮತ್ತು ಪಶ್ಚಿಮದ ರೋಗಗಳ ನಿಷ್ಕ್ರಿಯ ಲಸಿಕೆಗಳನ್ನು ಸಾಮಾನ್ಯವಾಗಿ ಧನುರ್ವಾಯುವಿನ ಲಸಿಕೆಯೊಂದಿಗೆ ಸೇರಿಸಿ ಕೊಡುತ್ತಾರೆ. ಮೊದಲ ಬಾರಿ ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಬಳಿಕ ಪ್ರತಿವರ್ಷ ಸೊಳ್ಳೆಗಳ ಕಾಲ ಆರಂಭವಾಗುವ ಮುನ್ನ ಒಂದು ಚುಚ್ಚುಮದ್ದು ಕೊಡುವುದು ರೂಢಿ. ಗಬ್ಬದ ಕುದುರೆಗೆ ಮರಿ ಹಾಕುವ ನಾಲ್ಕರಿಂದ ಆರು ವಾರ ಮೊದಲು ಲಸಿಕೆ ಹಾಕಿದರೆ ಗಿಣ್ಣುಹಾಲಿನ ಮೂಲಕ ಮರಿಗೂ ಪ್ರತಿಕಾಯಗಳು ದೊರೆಯುತ್ತವೆ.

ವೆಸ್ಟ್ ನೈಲ್ ರೋಗದ ಅನುಭವವು ಲಸಿಕೆಯ ಬೆಲೆಯನ್ನು ಸ್ಪಷ್ಟಪಡಿಸುತ್ತದೆ. 1999ರಲ್ಲಿ ಈ ವೈರಸ್ ಮೊದಲ ಬಾರಿಗೆ ಅಮೆರಿಕ ಖಂಡದಲ್ಲಿ, ನ್ಯೂಯಾರ್ಕ್ ನಗರದ ಸುತ್ತಮುತ್ತ ಕಾಣಿಸಿಕೊಂಡಿತು. ಆ ವರ್ಷ 62 ಮಂದಿಗೆ ತೀವ್ರ ಕಾಯಿಲೆಯಾಗಿ 7 ಮಂದಿ ಸತ್ತರು. ಅದೇ ಹೊತ್ತಿಗೆ ನಗರದಲ್ಲಿ ಕಾಗೆಗಳೂ ಲಾಂಗ್ ಐಲೆಂಡ್‌ನಲ್ಲಿ ಕುದುರೆಗಳೂ ಸಾಯತೊಡಗಿದ್ದವು. ಮೂರು ವರ್ಷಗಳಲ್ಲಿ ರೋಗ ದೇಶದ ಉದ್ದಗಲಕ್ಕೆ ಹರಡಿ, 2002ರಲ್ಲಿ ಸುಮಾರು 15,000 ಕುದುರೆಗಳು ಕಾಯಿಲೆ ಬಿದ್ದವು. ಕುದುರೆಗಳ ಲಸಿಕೆಗೆ 2001ರಲ್ಲಿ ಷರತ್ತುಬದ್ಧ ಅನುಮತಿ ದೊರೆತಿತ್ತು. ಅದರ ಬಳಕೆ ವ್ಯಾಪಕವಾದಂತೆ, ಜೊತೆಗೆ ಸೋಂಕಿಗೆ ಒಳಗಾಗಿ ಉಳಿದ ಕುದುರೆಗಳಲ್ಲಿ ಸ್ವಾಭಾವಿಕ ಪ್ರತಿರೋಧ ಬೆಳೆದಂತೆ, ಮುಂದಿನ ವರ್ಷಗಳಲ್ಲಿ ಪ್ರಕರಣಗಳು ತೀವ್ರವಾಗಿ ಇಳಿದವು. ಮನುಷ್ಯರಿಗೆ ಬಳಸಬಹುದಾದ ವೆಸ್ಟ್ ನೈಲ್ ಲಸಿಕೆ ಮಾತ್ರ ಇನ್ನೂ ಬಳಕೆಗೆ ಬಂದಿಲ್ಲ.

ಕೊನೆಯ ಆತಿಥೇಯವಾದ ಕುದುರೆಗೆ ಲಸಿಕೆ ಹಾಕಿದರೆ ಆ ಕುದುರೆ ಉಳಿಯುತ್ತದೆ, ಆದರೆ ಪರಿಸರದಲ್ಲಿನ ವೈರಸ್ ಕಡಿಮೆಯಾಗುವುದಿಲ್ಲ. ಹಕ್ಕಿ ಮತ್ತು ಸೊಳ್ಳೆಗಳ ನಡುವಿನ ಚಕ್ರ ಹಾಗೆಯೇ ನಡೆದಿರುತ್ತದೆ. ಹಾಗಾಗಿ ನೆರೆಯವರ ಕುದುರೆಗಳಿಗೆಲ್ಲ ಲಸಿಕೆಯಾಗಿದೆ ಎಂದು ತನ್ನ ಕುದುರೆಗೆ ಬಿಟ್ಟವರಿಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ವೆನೆಜುವೆಲಾದ ರೋಗದಲ್ಲಿ ಮಾತ್ರ ಕುದುರೆಗಳಿಗೆ ಸಾಮೂಹಿಕವಾಗಿ ಲಸಿಕೆ ಹಾಕುವುದರಿಂದ ಸಾಂಕ್ರಾಮಿಕವೇ ನಿಲ್ಲುತ್ತದೆ ಮತ್ತು ಮನುಷ್ಯರಿಗೂ ರಕ್ಷಣೆ ದೊರೆಯುತ್ತದೆ.

1971ರ ಟೆಕ್ಸಾಸ್ ಕಾರ್ಯಾಚರಣೆ

ವೆನೆಜುವೆಲಾದ ರೋಗವು 1969ರಲ್ಲಿ ಮಧ್ಯ ಅಮೆರಿಕದಲ್ಲಿ ತಲೆದೋರಿ, ದೇಶದಿಂದ ದೇಶಕ್ಕೆ ಉತ್ತರದ ಕಡೆಗೆ ಸಾಗಿ, ಮೆಕ್ಸಿಕೋವನ್ನು ದಾಟಿ 1971ರ ಬೇಸಿಗೆಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯವನ್ನು ಪ್ರವೇಶಿಸಿತು. ಅಲ್ಲಿ ಸುಮಾರು 1,500 ಕುದುರೆಗಳು ಸತ್ತವು. ಅಮೆರಿಕದ ಕೃಷಿ ಇಲಾಖೆ ತುರ್ತುಸ್ಥಿತಿಯನ್ನು ಘೋಷಿಸಿತು. ಕುದುರೆಗಳ ಸಾಗಣೆಯನ್ನು ನಿಷೇಧಿಸಲಾಯಿತು, ವಿಮಾನಗಳಿಂದ ವಿಶಾಲ ಪ್ರದೇಶಕ್ಕೆ ಕೀಟನಾಶಕ ಸಿಂಪಡಿಸಲಾಯಿತು ಮತ್ತು ಸುಮಾರು 28 ಲಕ್ಷ ಕುದುರೆಗಳಿಗೆ ಲಸಿಕೆ ಹಾಕಲಾಯಿತು. ಈ ಮೂರೂ ಕ್ರಮಗಳು ಒಟ್ಟಿಗೆ ನಡೆದದ್ದರಿಂದ ರೋಗ ಟೆಕ್ಸಾಸ್‌ನಿಂದಾಚೆಗೆ ಹರಡದೆ ಅದೇ ವರ್ಷ ನಿಂತಿತು.

ಬಳಸಿದ ಲಸಿಕೆಯ ಹೆಸರು ಟಿಸಿ-83. 1943ರಲ್ಲಿ ಟ್ರಿನಿಡಾಡ್‌ನ ಕತ್ತೆಯೊಂದರಿಂದ ಬೇರ್ಪಡಿಸಿದ ವೈರಸ್ಸನ್ನು ಗಿನಿಯಿಲಿಯ ಹೃದಯದ ಜೀವಕೋಶಗಳಲ್ಲಿ 83 ಬಾರಿ ಬೆಳೆಸಿ ದುರ್ಬಲಗೊಳಿಸಿದ್ದರಿಂದ ಆ ಹೆಸರು ಬಂದಿತು. ಪ್ರಯೋಗಾಲಯದ ಸಿಬ್ಬಂದಿಯ ರಕ್ಷಣೆಗೆಂದು ಅಮೆರಿಕದ ಸೇನೆಯು ಅಭಿವೃದ್ಧಿಪಡಿಸಿದ್ದ ಈ ಲಸಿಕೆ ಒಂದೇ ಚುಚ್ಚುಮದ್ದಿನಲ್ಲಿ ಬೇಗನೆ ರಕ್ಷಣೆ ನೀಡುತ್ತಿತ್ತು.

ಲಸಿಕೆಯೇ ರೋಗದ ಮೂಲವಾದದ್ದು

1938ರಿಂದ 1970ರ ದಶಕದ ಆರಂಭದವರೆಗೆ ದಕ್ಷಿಣ ಮತ್ತು ಮಧ್ಯ ಅಮೆರಿಕದ ದೇಶಗಳಲ್ಲಿ ವೆನೆಜುವೆಲಾದ ರೋಗಕ್ಕೆ ರೋಗಕಾರಕ ವೈರಸ್ಸನ್ನೇ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆಗಳನ್ನು ಬಳಸಲಾಗುತ್ತಿತ್ತು. ನಿಷ್ಕ್ರಿಯಗೊಳಿಸುವ ಕ್ರಿಯೆ ಪೂರ್ಣವಾಗದಿದ್ದರೆ ಕೆಲವು ವೈರಸ್ ಕಣಗಳು ಜೀವಂತವಾಗಿ ಉಳಿಯುತ್ತವೆ. ಮುಂದೆ ವಿಜ್ಞಾನಿಗಳು ಆ ದಶಕಗಳ ಬೇರೆ ಬೇರೆ ಸಾಂಕ್ರಾಮಿಕಗಳಿಂದ ದೊರೆತ ವೈರಸ್‌ಗಳ ಆನುವಂಶಿಕ ರಚನೆಯನ್ನು ಹೋಲಿಸಿದರು. ಆರ್‌ಎನ್‌ಎ ವೈರಸ್‌ಗಳು ಕಾಲ ಕಳೆದಂತೆ ಬದಲಾಗಬೇಕು. ಆದರೆ ಇವು 1930 ಮತ್ತು 1940ರ ದಶಕಗಳ ಮೂಲ ತಳಿಗಳಿಂದ ಬಹುಮಟ್ಟಿಗೆ ಬದಲಾಗಿರಲಿಲ್ಲ. ಪ್ರಕೃತಿಯಲ್ಲಿ ಸುತ್ತುತ್ತಿದ್ದ ವೈರಸ್ ಹೀಗಿರಲು ಸಾಧ್ಯವಿಲ್ಲವಾದ್ದರಿಂದ, ಪ್ರಯೋಗಾಲಯಗಳಲ್ಲಿ ಕಾಪಿಟ್ಟಿದ್ದ ಹಳೆಯ ತಳಿಗಳೇ ಸರಿಯಾಗಿ ನಿಷ್ಕ್ರಿಯವಾಗದ ಲಸಿಕೆಗಳ ಮೂಲಕ ಕುದುರೆಗಳಿಗೆ ಸೇರಿ ಹಲವು ಸಾಂಕ್ರಾಮಿಕಗಳನ್ನು ಹುಟ್ಟಿಸಿರಬೇಕೆಂಬ ತೀರ್ಮಾನಕ್ಕೆ ಬರಲಾಯಿತು. ಅಂತಹ ಲಸಿಕೆಗಳ ಬಳಕೆ ನಿಂತ ಮೇಲೆ ಆ ಉಪಬಗೆಯ ಸಾಂಕ್ರಾಮಿಕಗಳೂ ನಿಂತವು. ಲಸಿಕೆಯ ತಯಾರಿಕೆಯಲ್ಲಿ ಸುರಕ್ಷತಾ ಪರೀಕ್ಷೆಯ ಅಗತ್ಯಕ್ಕೆ ಇದನ್ನು ಮುಖ್ಯ ನಿದರ್ಶನವಾಗಿ ಉಲ್ಲೇಖಿಸುತ್ತಾರೆ.

ಆದರೆ ರೋಗವೇ ಕಣ್ಮರೆಯಾಗಲಿಲ್ಲ. 1995ರಲ್ಲಿ ಭಾರೀ ಮಳೆಯ ಬಳಿಕ ವೆನೆಜುವೆಲಾ ಮತ್ತು ಕೊಲಂಬಿಯಗಳಲ್ಲಿ ಬೇರೊಂದು ಉಪಬಗೆಯಿಂದ ದೊಡ್ಡ ಸಾಂಕ್ರಾಮಿಕ ಉಂಟಾಯಿತು. ಅದರಲ್ಲಿ 75,000ದಿಂದ 1,00,000 ಮಂದಿಗೆ ಸೋಂಕು ತಗಲಿ ಸುಮಾರು 300 ಮಂದಿ ಸತ್ತರೆಂದು ಅಂದಾಜು ಮಾಡಲಾಗಿದೆ. ಎರಡು ದಶಕಗಳ ಕಾಲ ದೊಡ್ಡ ಸಾಂಕ್ರಾಮಿಕ ಇಲ್ಲದಿದ್ದುದರಿಂದ ಆ ಪ್ರದೇಶದ ಹೆಚ್ಚಿನ ಕುದುರೆಗಳಲ್ಲಿ ಪ್ರತಿರೋಧ ಇರಲಿಲ್ಲ. ಪಶ್ಚಿಮದ ರೋಗವೂ ಅಪರೂಪವಾಗಿದ್ದು, 2023ರ ಕೊನೆಯಲ್ಲಿ ಅರ್ಜೆಂಟೀನಾ ಮತ್ತು ಉರುಗ್ವೆಗಳಲ್ಲಿ ಮತ್ತೆ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು. ರೋಗ ಕಾಣದ ವರ್ಷಗಳಲ್ಲಿ ಲಸಿಕೆಯನ್ನು ಕೈಬಿಟ್ಟರೆ ಪ್ರತಿರೋಧವಿಲ್ಲದ ಕುದುರೆಗಳ ಸಂಖ್ಯೆ ಬೆಳೆಯುತ್ತದೆ ಎಂಬುದು ಇಂತಹ ಘಟನೆಗಳ ಪಾಠ.

ಸೊಳ್ಳೆ ನಿಯಂತ್ರಣ

ಸೊಳ್ಳೆಯ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚನೆಯ ಹವೆಯಲ್ಲಿ ಒಂದು ವಾರದಿಂದ ಹತ್ತು ದಿನ ಸಾಕು. ಆದ್ದರಿಂದ ಲಾಯದ ಸುತ್ತಲಿನ ನೀರಿನ ತೊಟ್ಟಿ, ಬಕೆಟ್, ಹಳೆಯ ಟಯರುಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲುವುದರಿಂದ ಸೊಳ್ಳೆಗಳ ಒಂದು ಪೀಳಿಗೆಯನ್ನೇ ತಡೆಯಬಹುದು. ಬರಿದು ಮಾಡಲಾಗದ ಹೊಂಡಗಳಲ್ಲಿ ಲಾರ್ವಾಗಳನ್ನು ತಿನ್ನುವ ಗಪ್ಪಿ ಮತ್ತು ಗ್ಯಾಂಬೂಸಿಯಾ ಮೀನುಗಳನ್ನು, ಇಲ್ಲವೇ ಲಾರ್ವಾಗಳನ್ನು ಮಾತ್ರ ಕೊಲ್ಲುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಪುಡಿಯನ್ನು ಬಳಸುತ್ತಾರೆ. ಗ್ಯಾಂಬೂಸಿಯಾ ಸ್ಥಳೀಯ ಮೀನು ಮತ್ತು ಕಪ್ಪೆಗಳಿಗೆ ಹಾನಿಕರವಾದ್ದರಿಂದ ಅದನ್ನು ಸ್ವಾಭಾವಿಕ ಕೆರೆಗಳಿಗೆ ಬಿಡುವುದು ಸೂಕ್ತವಲ್ಲ. ಗದ್ದೆಗಳಲ್ಲಿ ನೀರನ್ನು ಸದಾ ನಿಲ್ಲಿಸದೆ ಆಗಾಗ್ಗೆ ಒಣಗಲು ಬಿಟ್ಟರೆ ಸೊಳ್ಳೆಗಳ ಸಂಖ್ಯೆ ಇಳಿಯುತ್ತದೆ.

ರೋಗ ಹರಡುವ ಸೊಳ್ಳೆಗಳಲ್ಲಿ ಹಲವು ಮುಸ್ಸಂಜೆಯಿಂದ ಮುಂಜಾವಿನವರೆಗೆ ಚುರುಕಾಗಿರುತ್ತವೆ. ಆ ಹೊತ್ತಿನಲ್ಲಿ ಕುದುರೆಗಳನ್ನು ಲಾಯದೊಳಗೆ ಕಟ್ಟುವುದು, ಕಿಟಕಿಗಳಿಗೆ ಜಾಲರಿ ಹಾಕುವುದು, ಗಾಳಿಯಲ್ಲಿ ಸೊಳ್ಳೆ ಸರಿಯಾಗಿ ಹಾರಲಾರದಾದ್ದರಿಂದ ಫ್ಯಾನು ಹಚ್ಚುವುದು ಮತ್ತು ಕುದುರೆಗಳಿಗೆಂದೇ ತಯಾರಾದ ಸೊಳ್ಳೆನಿವಾರಕ ಲೇಪಿಸುವುದು ಉಪಯುಕ್ತ.

ನಿಗಾ ಮತ್ತು ವರದಿ

ಲಸಿಕೆಯಿಲ್ಲದ ಕುದುರೆಗಳು ಹೊರಗೆ ಮೇಯುತ್ತ ಸೊಳ್ಳೆಗಳಿಗೆ ಸದಾ ಒಡ್ಡಿಕೊಂಡಿರುವುದರಿಂದ ಅನೇಕ ವೇಳೆ ಮನುಷ್ಯರಿಗಿಂತ ಮೊದಲು ಕಾಯಿಲೆ ಬೀಳುತ್ತವೆ. ಹೀಗಾಗಿ ಒಂದು ಕುದುರೆಯಲ್ಲಿ ರೋಗ ದೃಢಪಟ್ಟರೆ ಅದು ಆ ಪ್ರದೇಶದ ಜನರಿಗೆ ಮುನ್ನೆಚ್ಚರಿಕೆ. ಕೊನೆಯ ಆತಿಥೇಯವಾದ ಕುದುರೆಯನ್ನು ಕೊಲ್ಲುವುದರಿಂದ ರೋಗ ನಿಲ್ಲುವುದಿಲ್ಲ. ಅದರ ಬದಲು ಬೇಗನೆ ವರದಿ ಮಾಡಿದರೆ ಸೊಳ್ಳೆ ನಿಯಂತ್ರಣ ಕೈಗೊಳ್ಳಲು ಮತ್ತು ಜನರನ್ನು ಎಚ್ಚರಿಸಲು ಸಮಯ ದೊರೆಯುತ್ತದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಇದೇ ಉದ್ದೇಶಕ್ಕಾಗಿ ಪಂಜರದ ಕೋಳಿಗಳನ್ನು ಅಲ್ಲಲ್ಲಿ ಇರಿಸಿ, ನಿಯತವಾಗಿ ಅವುಗಳ ರಕ್ತವನ್ನು ಪರೀಕ್ಷಿಸುತ್ತಾರೆ. ವೆನೆಜುವೆಲಾದ ರೋಗದ ಸಂಶಯವಿದ್ದರೆ ಮಾತ್ರ ಕಾಯಿಲೆಯ ಕುದುರೆಯನ್ನು ಸೊಳ್ಳೆ ನುಗ್ಗದ ಲಾಯದಲ್ಲಿ ಬೇರ್ಪಡಿಸುವುದೂ ಸುತ್ತಲಿನ ಕುದುರೆಗಳ ಸಾಗಣೆಯನ್ನು ತಡೆಯುವುದೂ ಅನಿವಾರ್ಯ.

ಸೊಳ್ಳೆಯಿಲ್ಲದೆ ಹರಡುವ ಮಿದುಳಿನ ಸೋಂಕುಗಳು

ಕುದುರೆ ಹರ್ಪಿಸ್ ವೈರಸ್-1 ಉಸಿರಾಟದ ತುಂತುರು, ಮೂಗಿನ ಸ್ರಾವ ಹಾಗೂ ಹಂಚಿಕೊಂಡ ಬಕೆಟ್ ಮತ್ತು ಕಡಿವಾಣಗಳ ಮೂಲಕ ಕುದುರೆಯಿಂದ ಕುದುರೆಗೆ ನೇರವಾಗಿ ಹರಡುತ್ತದೆ. ಕೆಲವು ಕುದುರೆಗಳಲ್ಲಿ ಇದು ಮಿದುಳು ಮತ್ತು ಬೆನ್ನುಹುರಿಯ ರಕ್ತನಾಳಗಳಿಗೆ ಹಾನಿ ಮಾಡುತ್ತದೆ. 2021ರಲ್ಲಿ ಸ್ಪೇನ್‌ನ ವಲೆನ್ಸಿಯಾದ ಕುದುರೆ ಸ್ಪರ್ಧೆಯೊಂದರಲ್ಲಿ ಈ ರೋಗ ಕಾಣಿಸಿಕೊಂಡು, ಯೂರೋಪಿನ ಹಲವು ಸ್ಪರ್ಧೆಗಳನ್ನು ರದ್ದುಗೊಳಿಸಬೇಕಾಯಿತು. ಇಂತಹ ರೋಗದಲ್ಲಿ ಪ್ರತ್ಯೇಕಿಸುವುದು, ದಿನಕ್ಕೆರಡು ಬಾರಿ ಜ್ವರ ನೋಡುವುದು ಮತ್ತು ಸಲಕರಣೆಗಳನ್ನು ಶುಚಿಗೊಳಿಸುವುದು ಮುಖ್ಯ ಕ್ರಮಗಳು.

1994ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿ ಮೊದಲು ಪತ್ತೆಯಾದ ಹೆಂಡ್ರಾ ವೈರಸ್ ಹಣ್ಣುಬಾವಲಿಗಳಿಂದ ಕುದುರೆಗಳಿಗೆ, ಕುದುರೆಗಳ ದೇಹದ್ರವಗಳಿಂದ ಮನುಷ್ಯರಿಗೆ ತಗಲುತ್ತದೆ. ಕುದುರೆಗಳಿಗೆ ಇದರ ಲಸಿಕೆ 2012ರಿಂದ ದೊರೆಯುತ್ತಿದೆ. ಮಧ್ಯ ಯೂರೋಪಿನ ಬೋರ್ನಾ ರೋಗಕ್ಕೆ ಜರ್ಮನಿಯ ಬೋರ್ನಾ ಪಟ್ಟಣದ ಹೆಸರು ಬಂದದ್ದು 1890ರ ದಶಕದಲ್ಲಿ ಅಲ್ಲಿನ ಸೇನೆಯ ಕುದುರೆಗಳು ಅದರಿಂದ ಸತ್ತದ್ದರಿಂದ. ಒಂದು ಜಾತಿಯ ಮೂಗಿಲಿ ಅದರ ಸ್ವಾಭಾವಿಕ ನೆಲೆ.

ಭಾರತ ಮತ್ತು ಕರ್ನಾಟಕದಲ್ಲಿ

ಅಮೆರಿಕ ಖಂಡಗಳ ಮೂರು ರೋಗಗಳು ಭಾರತದಲ್ಲಿ ನೆಲೆಯೂರಿಲ್ಲ. ಹೊರದೇಶದಿಂದ ಬರುವ ಕುದುರೆಗಳ ಪರೀಕ್ಷೆ ಮತ್ತು ಕ್ವಾರಂಟೈನ್ ಅವುಗಳನ್ನು ದೂರವಿಡುವ ಮುಖ್ಯ ಕ್ರಮ. ಜಪಾನೀ ಮಿದುಳುರಿಯೂತ ಮತ್ತು ವೆಸ್ಟ್ ನೈಲ್ ವೈರಸ್‌ಗಳು ದೇಶದಲ್ಲಿವೆ ಮತ್ತು ಕುದುರೆಗಳ ರಕ್ತದಲ್ಲಿ ಅವುಗಳ ವಿರುದ್ಧದ ಪ್ರತಿಕಾಯಗಳು ಪತ್ತೆಯಾಗಿವೆ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ಕುದುರೆ ಜಾತಿಯ ಪ್ರಾಣಿಗಳ ರೋಗಗಳ ಪತ್ತೆ ಮತ್ತು ಸಂಶೋಧನೆಯಲ್ಲಿ ತೊಡಗಿದೆ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣ ಕಾಯಿದೆಯ ಪ್ರಕಾರ, ಪಟ್ಟಿಮಾಡಿದ ರೋಗಗಳ ಸಂಶಯ ಬಂದ ಕೂಡಲೇ ಮಾಲೀಕರು ಅಧಿಕಾರಿಗಳಿಗೆ ತಿಳಿಸಬೇಕು.

ಜನರಲ್ಲಿ ಜಪಾನೀ ಮಿದುಳುರಿಯೂತವು ಕರ್ನಾಟಕದಲ್ಲಿ ಮೆದುಳು ಜ್ವರವೆಂದೇ ಪರಿಚಿತ. ಭಾರತದಲ್ಲಿ ಇದು 1955ರಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಮೊದಲು ಗುರುತಿಸಲ್ಪಟ್ಟಿತು. ಮುಂದೆ ಕೋಲಾರ, ಮಂಡ್ಯ ಮುಂತಾದ ಜಿಲ್ಲೆಗಳಲ್ಲಿ ಮಕ್ಕಳನ್ನು ಹೆಚ್ಚಾಗಿ ಬಾಧಿಸಿತು. ಭಾರತದಲ್ಲಿಯೇ ಅಭಿವೃದ್ಧಿಪಡಿಸಿ 2013ರಲ್ಲಿ ಬಿಡುಗಡೆಯಾದ ಜೆನ್‌ವ್ಯಾಕ್ ಲಸಿಕೆಗೆ ಬಳಸಿದ್ದು ಕೋಲಾರದಲ್ಲಿ ದೊರೆತ ವೈರಸ್ ತಳಿಯನ್ನೇ. ಜಪಾನ್ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ಪಂದ್ಯದ ಕುದುರೆಗಳಿಗೂ ಈ ರೋಗದ ಲಸಿಕೆ ಹಾಕುತ್ತಾರೆ.

ಬೆಂಗಳೂರು ಮತ್ತು ಮೈಸೂರಿನ ಪಂದ್ಯದ ಲಾಯಗಳು ಹಾಗೂ ಕುಣಿಗಲ್‌ನ ಕುದುರೆ ಸಾಕಣೆ ಕೇಂದ್ರದಿಂದಾಗಿ ಕರ್ನಾಟಕದಲ್ಲಿ ಕುದುರೆಗಳ ಆರೋಗ್ಯಕ್ಕೆ ಹಿಂದಿನಿಂದಲೂ ಮಹತ್ವವಿದೆ. ಗದ್ದೆ, ಕೆರೆ, ಬೆಳ್ಳಕ್ಕಿ ಮತ್ತು ಹಂದಿಗಳು ಹತ್ತಿರದಲ್ಲಿಯೇ ಇರುವ ಪ್ರದೇಶಗಳಲ್ಲಿ ಮಳೆಗಾಲದಲ್ಲಿ ಮತ್ತು ಅದರ ಬಳಿಕದ ತಿಂಗಳುಗಳಲ್ಲಿ ತೂರಾಡುವ ಅಥವಾ ಮಂಕಾದ ಕುದುರೆ ಕಂಡುಬಂದರೆ, ರೇಬೀಸ್‌ನ ಜೊತೆಗೆ ಈ ಸೋಂಕುಗಳನ್ನೂ ಪರಿಗಣಿಸಿ ಪಶುವೈದ್ಯರಿಂದ ಮಾದರಿಗಳನ್ನು ಪರೀಕ್ಷೆಗೆ ಕಳುಹಿಸುವುದು ಅಗತ್ಯ. ಆ ಕುದುರೆಯಿಂದ ನೇರವಾಗಿ ಜನರಿಗೆ ಜಪಾನೀ ಮಿದುಳುರಿಯೂತ ತಗಲದಿದ್ದರೂ, ಅದನ್ನು ಕಚ್ಚಿದ ಸೊಳ್ಳೆಗಳಂತಹವೇ ಅಲ್ಲಿನ ಮಕ್ಕಳನ್ನೂ ಕಚ್ಚುತ್ತಿರುತ್ತವೆ.